ನಾನು ಬರೆದ ನರಕದ ನಕಾಶೆ

‘ಸಹೋದರರೇ, ನಮ್ಮ ಪಾಠದಲ್ಲಿ ಗೊಬ್ಬರದ ಪ್ರಸ್ತಾಪ ಎಲ್ಲಿಯೂ ಬಂದಿಲ್ಲ.’

ಕೆಂಪು ಶಾಯಿಯ ಈ ಸಾಲು, ಅದರ ಮಗ್ಗುಲಿಗೆ ದುಂಡಗೆ ತಿದ್ದಿ ಬರೆದ ಒಂದು ಸೊನ್ನೆ. ಮೊನ್ನೆ ಟ್ರಂಕಿನ ತಳದಲ್ಲಿ ಹೆಂಡತಿಯ ಕೈಗೆ ಸಿಕ್ಕ ಕಾಗದ ಇದು. ಅವಳು ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕುವ ಉಮೇದಿನಲ್ಲಿದ್ದಳು. ನನ್ನ ಬಿ.ಎಡ್. ಅಂಕಪಟ್ಟಿಗೆ ಗೆದ್ದಲು ಹತ್ತಿದೆ, ನಮ್ಮ ಲಗ್ನಪತ್ರಿಕೆಯ ಒಂದು ಪ್ರತಿಯೂ ಉಳಿದಿಲ್ಲ. ಈ ಸೊನ್ನೆ ಮಾತ್ರ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗೆ ಕೂತಿತ್ತು. ‘ಪಾಸಾಗಿದ್ದ ಕಾಗದ ಒಂದೂ ಇಲ್ಲ, ನಾಪಾಸಾಗಿದ್ದನ್ನ ಎಷ್ಟು ಜ್ವಾಕಿಲೆ ಇಟ್ಟೀರಿ ನೋಡ್ರಿ!’ ಎಂದಳು. ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡೆ. ಯಾಕೆಂದು ಹೇಳಲು ಹೊರಟರೆ ಅವಳಿಗೆ ರೊಟ್ಟಿ ಬಡಿಯುವ ಹೊತ್ತು ಮೀರುತ್ತದೆ. ನಿಮಗೆ ಪುರಸೊತ್ತು ಇದೆ ಎಂದುಕೊಂಡು ನಿಮಗೆ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ನಾನು ಮೊರಬದ ಹತ್ತಿರದ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಇಪ್ಪತ್ತಾರರ ವಯಸ್ಸು. ಟೆರ್ಲಿನ್ ಪ್ಯಾಂಟು ಒಂದೇ ಒಂದು, ಅಭಿಪ್ರಾಯಗಳು ಮಾತ್ರ ಬೇಕಾದಷ್ಟು. ಐದರ ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಆ ಊರಿನಲ್ಲಿ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಬೇರೆಯವರು ಇಸ್ಪೀಟು ಹಿಡಿದರು, ನಾನು ಕಾರ್ಡು ಹಿಡಿದೆ, ಅಂದರೆ ಅಂಚೆ ಕಾರ್ಡು. ಪತ್ರಿಕೆಯಲ್ಲಿ ‘ಉಚಿತ’ ಎಂಬ ಮೂರಕ್ಷರ ಕಂಡರೆ ಸಾಕು, ಬರೆದು ಹಾಕುತ್ತಿದ್ದೆ. ಬೀಜದ ಪಟ್ಟಿ ಬಂತು. ಕೂದಲು ಬೆಳೆಸುವ ಎಣ್ಣೆಯ ಮಾಹಿತಿ ಬಂತು. ರೇಡಿಯೋ ರಿಪೇರಿ ಕಲಿಸುವವರ ಪುಸ್ತಿಕೆ ಬಂತು. ನನ್ನ ಹತ್ತಿರ ರೇಡಿಯೋ ಇರಲಿಲ್ಲ. ಟಪಾಲಿನವನು ಸೈಕಲ್ಲು ನಿಲ್ಲಿಸಿ ಓಣಿಗೆಲ್ಲ ಕೇಳುವಂತೆ ‘ಮಾಸ್ತರ್ರ, ನಿಮಗ ಲಕೋಟಿ ಬಂದೈತ್ರೀ’ ಎಂದು ಕೂಗುವ ಆ ಒಂದು ಕ್ಷಣಕ್ಕಾಗಿ ನಾನು ಎಂಥ ಎಣ್ಣೆಯ ಮಾಹಿತಿಯನ್ನಾದರೂ ಓದಲು ತಯಾರಿದ್ದೆ. ಸರಕಾರದ ಯಾವುದೋ ಗುಟ್ಟಿನ ಕೆಲಸದ ಮೇಲೆ ನಾನು ಬಂದಿದ್ದೇನೆಂದು ಊರಿನ ಕೆಲವರು ತಿಳಿದಿದ್ದರು. ನಾನು ಅಲ್ಲಗಳೆಯಲು ಹೋಗಲಿಲ್ಲ.

ಹೀಗೆ ಬರೆದ ಕಾರ್ಡುಗಳಲ್ಲಿ ಒಂದಕ್ಕೆ ಉತ್ತರವಾಗಿ ಬಂದದ್ದು ಕ್ರೈಸ್ತ ಶಾಸ್ತ್ರದ ಅಂಚೆ ಪಾಠ. ಆ ಕಾಲದಲ್ಲಿ ಇಂಥವು ಹಳ್ಳಿಹಳ್ಳಿಗೂ ಬರುತ್ತಿದ್ದವು. ಒಟ್ಟು ಹನ್ನೆರಡು ಪಾಠ, ನುಣುಪು ಕಾಗದ, ಪಾಠದ ಕೊನೆಗೆ ಹತ್ತು ಪ್ರಶ್ನೆ. ಪ್ರಶ್ನೆಯ ಮುಂದೆ ಸರಿ ಅಥವಾ ತಪ್ಪು ಎಂದು ಗುರುತು ಹಾಕಿ, ಕಾರಣ ಬರೆದು ಕಳಿಸಬೇಕು. ಎಲ್ಲ ಪಾಠಗಳಲ್ಲೂ ಪೂರ್ತಿ ಅಂಕ ತೆಗೆದವರಿಗೆ ಬಂಗಾರದ ಅಂಚಿನ ಪ್ರಶಸ್ತಿಪತ್ರ. ನನ್ನ ಭಕ್ತಿ ಪೂರ್ತಿ ಆ ಅಂಚಿನ ಮೇಲೆ ನೆಟ್ಟಿತ್ತು. ಕುಂದಗೋಳದ ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರ ತಪ್ಪಿಸಿದವರಿಲ್ಲ. ವಿಷಯ ಗೊತ್ತಾದಾಗ ಅಪ್ಪ ಸಿಟ್ಟಾಗಲಿಲ್ಲ. ‘ಮೊದಲ ನಮ್ಮ ಶಾಸ್ತ್ರದಾಗ ಪಾಸಾಗಪಾ, ಆಮ್ಯಾಲೆ ಮಂದೀದು ನೋಡೂಣು’ ಎಂದರು ಅಷ್ಟೆ.

ನರಕದ ಪರಿಚಯ ನನಗೆ ಅದಕ್ಕೂ ಮೊದಲೇ ಇತ್ತೆನ್ನಿ. ಚಿಕ್ಕಂದಿನಲ್ಲಿ ನಮ್ಮಜ್ಜಿಯ ದೇವರ ಕೋಣೆಯಲ್ಲಿ ಒಂದು ಹಳೆಯ ಚಿತ್ರಪಟ ತೂಗುಹಾಕಿತ್ತು. ಕಳ್ಳರನ್ನು, ಸುಳ್ಳುಗಾರರನ್ನು ಎಣ್ಣೆಯ ಕಡಾಯಿಯಲ್ಲಿ ಕರಿಯುವ ಚಿತ್ರ. ಒಂದು ಸಲ ಪಕ್ಕದವರ ಪೇರಲ ಹಣ್ಣು ಕದ್ದು ತಿಂದೆ. ಆ ವಾರ ಕುಂದಗೋಳದ ಸ್ಟೇಷನ್ ಮುಂದಿನ ಮಿರ್ಚಿಭಜಿಯ ಕಡಾಯಿಯನ್ನು ಕಣ್ಣು ಮುಚ್ಚಿ ಓಡುತ್ತ ದಾಟಿದೆ. ಇನ್ನು ಜನ್ಮದಲ್ಲಿ ಭಜಿ ತಿನ್ನುವುದಿಲ್ಲ ಎಂದು ಆಣೆ ಮಾಡಿದೆ. ಆಣೆ ನಾಲ್ಕು ದಿನ ಉಳಿಯಿತು. ಐದನೆಯ ದಿನ ಭಜಿಯ ವಾಸನೆಗೆ ಪಾಪ, ಪುಣ್ಯ ಎರಡೂ ಮರೆತುಹೋದವು.

ಇರಲಿ. ನಾನು ಬಾಡಿಗೆಗೆ ಇದ್ದದ್ದು ಗೌರವ್ವನ ಮನೆಯಲ್ಲಿ. ಅರವತ್ತು ದಾಟಿದ ಒಕ್ಕಲುಗಿತ್ತಿ, ಗಂಡ ಇಲ್ಲ, ಇಬ್ಬರು ಮಕ್ಕಳ ಕೈಯಲ್ಲಿ ಎರೆಹೊಲ ಮಾಡಿಸುತ್ತಿದ್ದಳು. ಅಂಗಳದ ಈ ಕಡೆಯ ಖೋಲಿ ನನ್ನದು, ಆ ಕಡೆಯ ಖೋಲಿ ರೂತಬಾಯಿಯವರದು. ರೂತಬಾಯಿ ಊರಿನ ಸರಕಾರಿ ನರ್ಸು, ಗದಗಿನ ಕಡೆಯ ಕ್ರೈಸ್ತರು, ನಲವತ್ತರ ಆಸುಪಾಸು. ಬಿಳಿಯ ಸೀರೆ ಉಟ್ಟು, ಲಸಿಕೆಯ ಡಬ್ಬಿ ಹಿಡಿದು ಸುತ್ತಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲೇ ತಿರುಗಿ ಬರುತ್ತಿದ್ದರು. ಊರವರಿಗೆಲ್ಲ ಅವರು ‘ಬಾಯಾರು’. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಬೈಬಲ್ ಓದುತ್ತಿದ್ದರು, ಆದರೆ ಭಾನುವಾರ ಹುಬ್ಬಳ್ಳಿಯ ಪ್ರಾರ್ಥನೆಗೆ ಮಾತ್ರ ಹೋಗುತ್ತಿರಲಿಲ್ಲ. ಇವರಿಗೆ ಭಕ್ತಿ ಸ್ವಲ್ಪ ಕಡಿಮೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಕೇಳಿ ತಿಳಿಯುವ ಅಭ್ಯಾಸ ನನಗಿನ್ನೂ ಬಂದಿರಲಿಲ್ಲ.

ಮೊದಲ ಎಂಟು ಪಾಠಗಳಲ್ಲಿ ನಾನು ತೆಗೆದ ಪೂರ್ತಿ ಅಂಕಗಳು ವಾಸ್ತವವಾಗಿ ರೂತಬಾಯಿಯವರವು. ಶಿಷ್ಯರ ಹೆಸರು, ರಾಜರ ಹೆಸರು, ಯಾವ ಊರಲ್ಲಿ ಏನಾಯಿತು, ಎಲ್ಲ ಅವರ ಬಾಯಲ್ಲೇ ಇತ್ತು. ಸಂಜೆ ಅಂಗಳದಲ್ಲಿ ಕೂತು ಅವರು ಹೇಳುವುದು, ನಾನು ಬರೆಯುವುದು, ಗೌರವ್ವ ಏನಾದರೂ ಹಸನು ಮಾಡುತ್ತ ಕೇಳುವುದು. ಒಂದು ಸಂಜೆ ಅವರು ಸಾಹುಕಾರನೊಬ್ಬನ ಕಥೆ ಹೇಳಿದರು. ಬಾಗಿಲಲ್ಲಿ ಬಿದ್ದ ಬಡವನನ್ನು ಕಣ್ಣೆತ್ತಿ ನೋಡದ ಸಾಹುಕಾರ ಸತ್ತ ಮೇಲೆ ಉರಿಯಲ್ಲಿ ಬಿದ್ದು, ಬೆರಳ ತುದಿಯ ಒಂದು ಹನಿ ನೀರಿಗಾಗಿ ಬೇಡುತ್ತಾನೆ, ಅದೂ ಸಿಗುವುದಿಲ್ಲ. ಗೌರವ್ವನ ಕೈ ನಿಂತಿತು. ಆ ಊರಿನ ಬಾವಿಗಳೆಲ್ಲ ಉಪ್ಪು. ಕುಡಿಯಲು ಕೆರೆಯ ನೀರೇ ಗತಿ, ಅದನ್ನೂ ಹೊತ್ತೇ ತರಬೇಕು.

‘ಒಂದ ಹನಿನೂ ಕೊಡಲಿಲ್ಲೇನ?’ ಎಂದಳು. ‘ಬ್ಯಾಸಿಗ್ಯಾಗ ನಾವು ಜಗಳಾ ಆಡಿದವರ ಮನಿಗೂ ಒಂದ ಕೊಡ ಕೊಟ್ಟ ಬರತೇವ್ವಾ.’

ನಾನು, ಇದು ನೀತಿಕಥೆ, ಇದನ್ನು ಹಾಗೆಲ್ಲ ಪ್ರಶ್ನಿಸಬಾರದು ಎಂದು ಗೌರವ್ವನಿಗೆ ತಿಳಿಹೇಳಿದೆ.

ಒಂಬತ್ತನೆಯ ಪಾಠ ಬಂತು. ಏಳನೆಯ ಪ್ರಶ್ನೆ: ಶಾಸ್ತ್ರದ ಪ್ರಕಾರ ನರಕ ಎಂಬುದು ನಿಜವಾದ ಒಂದು ಸ್ಥಳ. ಸರಿಯೋ, ತಪ್ಪೋ? ಕಾರಣ ಬರೆಯಿರಿ. ಎಂದಿನಂತೆ ಹಾಳೆ ಹಿಡಿದು ಅಂಗಳ ದಾಟಿದೆ. ರೂತಬಾಯಿ ಓದಿದರು, ಮಡಚಿದರು, ‘ನನಗ ಗೊತ್ತಿಲ್ರಿ ಸರ್’ ಎಂದು ತಿರುಗಿ ಕೊಟ್ಟರು. ಎಲ್ಲ ಗೊತ್ತಿದ್ದವರಿಗೆ ಇದೊಂದು ಗೊತ್ತಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಸರಿ, ಈ ಸಲ ನಾನೇ ಸಂಶೋಧನೆ ಮಾಡಿ ಅವರಿಗೂ ತಿಳಿಸಿಕೊಡೋಣ ಎಂದುಕೊಂಡೆ. ಅವರದೇ ಪುಸ್ತಕವನ್ನು ಕಡ ತಂದೆ.

ಓದುತ್ತ ಹೋದ ಹಾಗೆ ಭೂಗೋಳದ ಮಾಸ್ತರನಿಗೆ ತಲೆ ಕೆಟ್ಟಿತು. ಒಂದು ಕಡೆ ಬೆಂಕಿಯ ಕೆರೆ. ಇನ್ನೊಂದು ಕಡೆ ಬರೀ ಕತ್ತಲೆ, ಅಳು, ಹಲ್ಲು ಕಡಿಯುವ ಸದ್ದು. ಕೆರೆಗಟ್ಟಲೆ ಬೆಂಕಿ ಇರುವಲ್ಲಿ ಕತ್ತಲೆ ಹೇಗಿರುತ್ತದೆ? ಮತ್ತೊಂದು ಕಡೆ ತಳವೇ ಇಲ್ಲದ ಕೂಪ. ತಳ ಇಲ್ಲದ್ದಕ್ಕೆ ಆಳ ಎಷ್ಟೆಂದು ಗುರುತು ಹಾಕುವುದು? ಇನ್ನೂ ಒಂದು ಕಡೆ ಬೆಂಕಿ ಆರುವುದೂ ಇಲ್ಲ, ಹುಳ ಸಾಯುವುದೂ ಇಲ್ಲ. ಇಷ್ಟೆಲ್ಲ ಗೊಂದಲಕ್ಕೆ ನನಗೆ ಗೊತ್ತಿದ್ದ ಔಷಧ ಒಂದೇ. ಡ್ರಾಯಿಂಗ್ ಹಾಳೆ ತೆಗೆದೆ, ಬಣ್ಣದ ಪೆನ್ಸಿಲ್ಲು ಚೂಪು ಮಾಡಿದೆ, ನಕಾಶೆ ಬರೆದೆ.

ನೀವು ನಗುತ್ತೀರಿ, ಗೊತ್ತು. ಮೇಲೆ ಉತ್ತರ ದಿಕ್ಕಿನ ಬಾಣ. ನಡುವೆ ಕೆಂಪು ಕೆರೆ. ಬೆಳಕು ತಲುಪದಷ್ಟು ದೂರದಲ್ಲಿ ಕತ್ತಲೆಯ ಪ್ರದೇಶ, ಕಪ್ಪು ಗೆರೆಗಳಲ್ಲಿ. ಕೂಪಕ್ಕೆ ಚುಕ್ಕೆಯ ಗಡಿ. ಅಳತೆಯ ಪ್ರಮಾಣ ಮಾತ್ರ ಎಲ್ಲೂ ಸಿಗದೆ ಖಾಲಿ ಬಿಟ್ಟೆ. ತಾಲೂಕುಗಳಿಲ್ಲದ ನಕಾಶೆ ಬೋಳಾಗಿ ಕಂಡಿತು. ಹಾಗಾಗಿ ಪುಸ್ತಕದಲ್ಲಿ ಇಲ್ಲದಿದ್ದರೂ ನಾನೇ ವಿಭಾಗ ಮಾಡಿದೆ: ಕುಡುಕರು ಇಲ್ಲಿ, ಕೊಲೆಗಾರರು ಅಲ್ಲಿ, ದೇವರಿಲ್ಲ ಎಂದು ಸತ್ತವರು ಕೆರೆಯ ದಂಡೆಗೆ. ಮುಗಿದ ಮೇಲೆ ದೂರ ಹಿಡಿದು ನೋಡಿದೆ. ಧಾರವಾಡ ಜಿಲ್ಲೆಯ ನಕಾಶೆಯನ್ನೂ ನಾನು ಅಷ್ಟು ಅಚ್ಚುಕಟ್ಟಾಗಿ ಬರೆದಿರಲಿಲ್ಲ.

ಭಾನುವಾರ ಮಧ್ಯಾಹ್ನ ರೂತಬಾಯಿ ಬಟ್ಟೆ ಒಣಹಾಕುತ್ತಿದ್ದರು. ಗೌರವ್ವ ಕಟ್ಟೆಯ ಮೇಲಿದ್ದಳು. ನಾನು ಹಾಳೆಯನ್ನು ಅವರ ಮುಂದೆ ಬಿಚ್ಚಿದೆ.

‘ನೋಡ್ರಿ ಬಾಯಾರ, ಉತ್ತರ ಸಿಕ್ತು. ಸ್ಥಳ ಇದ್ರ ನಕಾಶೆ ಬರೀಲಿಕ್ಕೆ ಬರಬೇಕು. ಬಂತು. ಅಂದ್ರ ನರಕ ಖರೇನ ಐತಿ. ಕುಡುಕರು ಇಲ್ಲೆ ಬರತಾರ, ದೇವರಿಲ್ಲ ಅಂದವರು ಇಲ್ಲೆ.’

ಅವರು ಸೆರಗಿಗೆ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಮೆಚ್ಚುತ್ತಿದ್ದಾರೆ ಎಂದುಕೊಂಡೆ.

‘ಎರಡೂ ಆಗಿದ್ದವರನ್ನ ಎಲ್ಲಿ ಇಟ್ಟೀರಿ ಸರ್?’

ಎಂಥ ಜಾಣ ಪ್ರಶ್ನೆ ಎನ್ನಿಸಿತು. ಇದು ನನಗೇ ಹೊಳೆದಿರಲಿಲ್ಲವಲ್ಲ! ಕಿವಿಯ ಸಂದಿಯಿಂದ ಪೆನ್ಸಿಲ್ಲು ತೆಗೆದು, ಕುಡುಕರ ಗಡಿಯೂ ಕೆರೆಯ ದಂಡೆಯೂ ಕೂಡುವಲ್ಲಿ ಒಂದು ಚುಕ್ಕೆ ಇಟ್ಟೆ. ‘ಅಂಥವರು ಇಲ್ಲೆ ಬರತಾರ್ರಿ’ ಎಂದೆ.

ರೂತಬಾಯಿ ಆ ಚುಕ್ಕೆಯ ಮೇಲೆ ಬೆರಳಿಟ್ಟರು. ‘ಹಂಗಾದ್ರ ಇಂವ ನಮ್ಮ ದಾನಿ ಆದಾ’ ಎಂದರು. ಹಸಿಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಬಾಗಿಲ ಚಿಲಕ ಬಿದ್ದದ್ದು ಕೇಳಿಸಿತು.

ನಾನು ಹಾಳೆ ಹಿಡಿದು ನಿಂತೇ ಇದ್ದೆ. ಗೌರವ್ವ ಕಟ್ಟೆಯಿಂದ ಇಳಿದು ಬಂದಳು. ನನ್ನನ್ನು ಅವಳು ಅದುವರೆಗೆ ಒಂದು ದಿನವೂ ‘ಲೇ’ ಎಂದವಳಲ್ಲ.

‘ಲೇ ಮಾಸ್ತರ, ದಾನಿ ಯಾರಂತ ಗೊತ್ತೈತೇನ ನಿನಗ? ಅಕೀ ತಮ್ಮನ ಹೆಸರ ಅದು. ತಾಯಿ ಸತ್ತ ಮ್ಯಾಲೆ ಅಕೀನ ಜ್ವಾಪಾನ ಮಾಡಿದಾಕಿ. ಕುಡಿಯಾಕ ಹತ್ತಿದ, ಅವರ ಗುಡಿ ಹಿರ್ಯಾರ ಜೋಡಿ ಜಗಳಾ ಆಡಿದ, ದೇವರ ಇಲ್ಲ ಗೀವರ ಇಲ್ಲ ಅಂದ. ಹ್ವಾದ ವರ್ಷ ಕಾಮಣಿ ಆಗಿ ಸತ್ತ. ಮಣ್ಣ ಕೊಡೂಮುಂದ ಯಾವನೋ ಭಾಷಣಾ ಮಾಡಾಂವ ಬಂದು, ಅಂವ ಎಲ್ಲಿ ಹೋಗ್ಯಾನಂತ ಮಂದಿ ಮುಂದ ಹೇಳಿದ್ನಂತ. ಅವತ್ತಿನಿಂದ ಅಕಿ ಆ ಕಡೆ ಕಾಲ ಇಟ್ಟಿಲ್ಲ. ಆ ಮಾತ ಮರಿಯಾಕಂತ ಹಳ್ಳಿ ಹಳ್ಳಿ ಅಡ್ಡಾಡತಾಳ. ನೀ ಅವನ ಮನಿ ನಂಬರ ಬರದ ಕೊಟ್ಟೆಲ್ಲೋ!’

ಆ ನಾಚಿಕೆ ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ನಕಾಶೆಯನ್ನು ಚೂರುಚೂರು ಮಾಡಿ ಬಚ್ಚಲ ಒಲೆಗೆ ಹಾಕಿದೆ. ಕ್ಷಮಿಸಿ ಎಂದು ಹೇಳಲು ಮೂರು ಸಲ ಅಂಗಳದ ನಡುವಿನವರೆಗೆ ಹೋಗಿ, ಏನೋ ಮರೆತವನ ಹಾಗೆ ತಿರುಗಿ ಬಂದೆ. ತರಗತಿಯಲ್ಲಿ ನಲವತ್ತು ನಿಮಿಷ ನಿಲ್ಲದೆ ಮಾತಾಡುವವನಿಗೆ ಎರಡು ಮಾತು ಹುಟ್ಟಲಿಲ್ಲ. ರೂತಬಾಯಿ ಎದುರಾದಾಗ ‘ಊಟ ಆತೇನ್ರಿ ಸರ್?’ ಎಂದು ಎಂದಿನ ಹಾಗೆಯೇ ಕೇಳುತ್ತಿದ್ದರು. ಬೈದಿದ್ದರೆ ಸುಲಭವಿತ್ತು.

ಕೊನೆಗೆ ನಾನು ನನಗೆ ಬರುತ್ತಿದ್ದ ಒಂದೇ ವಿದ್ಯೆಯ ಮೊರೆಹೋದೆ, ಪತ್ರ ಬರೆದೆ. ಅಂಚೆ ಪಾಠದವರಿಗೆ ಒಂದು ಇನ್‌ಲ್ಯಾಂಡ್ ಲೆಟರು. ‘ಅಂಕಕ್ಕಾಗಿ ಕೇಳುತ್ತಿಲ್ಲ. ನರಕ ನಿಜವಾದ ಸ್ಥಳವೇ ಎಂದು ನಮ್ಮ ಅಂಗಳದಲ್ಲಿ ಒಬ್ಬರಿಗೆ ಖಂಡಿತವಾಗಿ ತಿಳಿಯಬೇಕಾಗಿದೆ, ಅವರ ತಮ್ಮ ತೀರಿಕೊಂಡಿದ್ದಾನೆ’ ಎಂದು ಬರೆದೆ. ಏನನ್ನೂ ಪುಕ್ಕಟೆ ಕೇಳದೆ ನಾನು ಬರೆದ ಮೊದಲ ಪತ್ರ ಬಹುಶಃ ಅದೇ.

ಮೂರು ವಾರಕ್ಕೆ ಉತ್ತರ ಬಂತು. ಛಾಪಿಸಿದ್ದಲ್ಲ, ವಯಸ್ಸಾದವರ ನಡುಗುವ ಕೈಬರಹ, ಎರಡು ಪುಟ. ನಾನು ಅದನ್ನು ಒಬ್ಬನೇ ಓದದೆ ಅಂಗಳಕ್ಕೆ ತಂದೆ. ಬೇಸಗೆಯ ಸಂಜೆ. ಗೌರವ್ವ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ರೂತಬಾಯಿ ಆಗಷ್ಟೇ ಹಳ್ಳಿ ತಿರುಗಿ ಬಂದು ಕಾಲು ತೊಳೆದು ಕೂತಿದ್ದರು. ‘ಬಾಯಾರ, ನಾ ತಪ್ಪು ಮಾಡೇನ್ರಿ. ಈ ಪತ್ರ ನಿಮಗ ಓದಿ ಹೇಳಲೇನ್ರಿ?’ ಎಂದೆ. ಮುಖ ನೋಡಲಿಲ್ಲ, ನೆಲಕ್ಕೆ ಹೇಳಿದೆ. ಅವರು ಹೂಂ ಎಂದರು.

ಪತ್ರ ಬರೆದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಶಾಸ್ತ್ರವನ್ನು ಇದ್ದದ್ದು ಇದ್ದ ಹಾಗೆ ಓದಿದರೆ ನರಕ ಸ್ಥಳವೆಂದೇ ತೋರುತ್ತದೆ, ನಮ್ಮ ಪಾಠದ ನಿಲುವೂ ಅದೇ ಎಂದಿದ್ದರು. ಆದರೆ ಬೆಂಕಿ, ಕತ್ತಲೆ ಎಲ್ಲ ದೇವರಿಂದ ದೂರವಾದ ಸಂಕಟವನ್ನು ಹೇಳುವ ರೀತಿ ಎಂದು ತಿಳಿಯುವ ವಿಶ್ವಾಸಿಗಳೂ ಇದ್ದಾರೆ. ಆ ಬೆಂಕಿ ಸುಟ್ಟು ಮುಗಿಸುತ್ತದೆ, ಕೊನೆಯಿಲ್ಲದೆ ಕಾಡಿಸುವುದಿಲ್ಲ ಎನ್ನುವವರೂ ಇದ್ದಾರೆ. ನರಕಕ್ಕೆ ಮೂಲದಲ್ಲಿರುವ ಹೆಸರುಗಳಲ್ಲಿ ಒಂದು, ಯೆರೂಸಲೇಮಿನ ಗೋಡೆಯ ಹೊರಗಿನ ಒಂದು ಕಣಿವೆಯದು. ಪಟ್ಟಣದ ಹೊಲಸನ್ನೆಲ್ಲ ಅಲ್ಲಿ ಚೆಲ್ಲುತ್ತಿದ್ದರು, ಅದು ಸದಾ ಹೊಗೆಯಾಡುತ್ತಿತ್ತು ಎಂದು ಹೇಳುವುದುಂಟು. ಅದನ್ನು ಒಪ್ಪದ ಪಂಡಿತರೂ ಇದ್ದಾರೆ. ಕೊನೆಗೆ ಒಂದು ಸಾಲು: ಇಂಥ ಮನುಷ್ಯ ಇಂಥಲ್ಲಿಗೇ ಹೋದ ಎಂದು ಹೇಳುವ ಅಧಿಕಾರ ಭೂಮಿಯ ಮೇಲೆ ಯಾರಿಗೂ ಕೊಟ್ಟಿಲ್ಲ.

ರೂತಬಾಯಿ ಕಣ್ಣು ಮುಚ್ಚಿ ಕೂತಿದ್ದರು. ಮೊದಲು ಮಾತಾಡಿದವಳು ಗೌರವ್ವ.

‘ಅಂದ್ರ ಊರ ಹೊರಗಿನ ತಿಪ್ಪಿ ಅನ್ನು.’

‘ಹಂಗ ಅನ್ನಾಕ ಬರತೈತ್ರಿ ಆಯಿ. ಆದ್ರ ಅಲ್ಲಿ ಬೆಂಕಿ ಆರೂದಿಲ್ಲ, ಹುಳಾ ಸಾಯೂದಿಲ್ಲ ಅಂತ ಐತಿ.’

ಗೌರವ್ವ ಮೊರವನ್ನು ಕೆಳಗಿಟ್ಟಳು. ‘ಬೆಂಕ್ಯಾಗ ಹುಳಾ ಬದುಕತೈತೇನೋ ಮಾಸ್ತರ? ಸಾಲಿ ಕಲತಾಂವ ಹೇಳು.’

‘ಇಲ್ರಿ.’

‘ಮತ್ತ ಅದು ಬೆಂಕಿ ಅಲ್ಲ, ತಿಪ್ಪಿ ಕಾವು. ನಮ್ಮ ತಿಪ್ಪ್ಯಾಗ ಮೊಳಕೈ ಮಟಾ ಕೈ ಹಾಕಿ ನೋಡು, ಚುರ್ ಅಂತೈತಿ. ಅಲ್ಲೇ ಬಾಜೂಕ ಕೆದರು, ಬೆರಳ ದಪ್ಪನ್ನ ಬಿಳೀ ಹುಳಾ ಇರತಾವ. ಕಾವೂ ಇರತೈತಿ, ಹುಳಾನೂ ಇರತಾವ. ಆವಾಗ ಗೊಬ್ಬರ ಹದಕ್ಕ ಬಂತು ಅಂತೇವಿ.’

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಅಷ್ಟೆಲ್ಲ ಆದ ಮೇಲೂ ಮಾಸ್ತರಿಕೆ ಬಿಡಬೇಕಲ್ಲ! ‘ಅದು ಗೊಬ್ಬರಕ್ಕ ಅಲ್ರಿ ಆಯಿ. ಶಿಕ್ಷಾ ಅದು, ಕಾಯಂ’ ಎಂದೆ.

‘ಕಾಯಂ ತಿಪ್ಪಿ ಯಾರ ಇಟಗೊಂತಾರೋ? ಮಳಿಗಿಂತ ಮೊದಲ ಹೇರೂದಿಲ್ಲೇನ? ಅಷ್ಟ ದೊಡ್ಡ ದೇವರು, ಆತಗ ಹೊಲ ಇಲ್ಲೇನ?’

ಪಕ್ಕದಿಂದ ಒಂದು ಸದ್ದು ಬಂತು. ರೂತಬಾಯಿ ಅಳುತ್ತಿದ್ದಾರೆಂದು ಹೆದರಿ ತಿರುಗಿದೆ. ಅಳುತ್ತಿದ್ದದ್ದು ಹೌದು, ಆದರೆ ನಗುತ್ತಲೂ ಇದ್ದರು.

‘ಐತ್ರಿ ಆಯಿ’ ಎಂದರು. ‘ಹೊಲದ ಮಾತು ನಮ್ಮ ಪುಸ್ತಕದಾಗ ಭಾಳ ಬರತೈತಿ.’ ಆಮೇಲೆ ನನ್ನ ಕಡೆ ತಿರುಗಿ, ‘ಸರ್, ಆ ಕಡೀ ಸಾಲು ಇನ್ನೊಮ್ಮೆ ಓದ್ರಿ’ ಎಂದರು. ಓದಿದೆ. ಇನ್ನೊಮ್ಮೆ ಎಂದರು. ಮತ್ತೆ ಓದಿದೆ. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಪುಸ್ತಕದೊಳಗಿಟ್ಟರು. ಅದನ್ನು ನಾನು ತಿರುಗಿ ಕೇಳಲಿಲ್ಲ.

ಏಳನೆಯ ಪ್ರಶ್ನೆಗೆ ಸರಿ ಎಂದು ಗುರುತು ಹಾಕಿದ್ದರೆ ಬಂಗಾರದ ಅಂಚು ನನ್ನದಾಗುತ್ತಿತ್ತು. ಪೆನ್ನು ಅಲ್ಲಿಯವರೆಗೆ ಹೋಯಿತು ಕೂಡ. ಆದರೆ ಹೀಗೆ ಬರೆದೆ: ‘ಸ್ಥಳ ಇರಬಹುದು. ಆದರೆ ಕಾವೂ ಆರದೆ, ಹುಳವೂ ಸಾಯದೆ ಇರುವ ಸ್ಥಳ ನಮ್ಮ ಊರಿನವರಿಗೆ ಗೊತ್ತಿರುವುದು ಒಂದೇ. ಅದನ್ನು ಮಳೆಗಾಲಕ್ಕೆ ಮೊದಲು ಗೊಬ್ಬರವೆಂದು ಹೊಲಕ್ಕೆ ಹೇರುತ್ತಾರೆ.’ ಇದಕ್ಕೆ ಬಂದದ್ದೇ ಆ ಕೆಂಪು ಸಾಲು, ಆ ಸೊನ್ನೆ. ತಿದ್ದಿದವರು ಪತ್ರ ಬರೆದ ಹಿರಿಯರಲ್ಲ, ಬೇರೆಯವರು, ಅಕ್ಷರ ದೃಢವಾಗಿತ್ತು. ಅವರ ತಪ್ಪೇನೂ ಇಲ್ಲ. ಪಾಠದಲ್ಲಿ ಗೊಬ್ಬರ ನಿಜವಾಗಿಯೂ ಬಂದಿರಲಿಲ್ಲ. ವರ್ಷದ ಕೊನೆಗೆ ನನಗೆ ಸಾದಾ ಅಂಚಿನ ಪ್ರಶಸ್ತಿಪತ್ರ ಬಂತು, ಅದನ್ನೂ ಗೆದ್ದಲು ತಿಂದಿತು.

ಆದರೆ ಹೇಳಬೇಕಾದದ್ದು ಅದಲ್ಲ. ಶಾಲೆಗೆ ಸೂಟಿ ಬಿಟ್ಟ ಮೇಲೆ, ನಾನು ಊರಿಗೆ ಹೊರಡುವ ದಿನ ಬೆಳಿಗ್ಗೆ, ಗೌರವ್ವನ ಮಕ್ಕಳು ತಿಪ್ಪೆ ಹೇರಲು ಚಕ್ಕಡಿ ಹೂಡಿ ನಿಲ್ಲಿಸಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಇಸ್ತ್ರಿ ಮಾಡಿದ ಟೆರ್ಲಿನ್ ಪ್ಯಾಂಟು ಹಾಕಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು, ದೂರದಲ್ಲಿ ನಿಂತು ನೋಡುತ್ತಿದ್ದೆ. ಸಲಿಕೆ ಬಿದ್ದಲ್ಲೆಲ್ಲ ತಿಪ್ಪೆಯ ಒಳಗಿನಿಂದ ಹಬೆ ಏಳುತ್ತಿತ್ತು. ಗೌರವ್ವ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ರೂತಬಾಯಿ ಡ್ಯೂಟಿಗೆ ಹೊರಟವರು ಅಲ್ಲಿ ನಿಂತರು. ಲಸಿಕೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ತುಂಬಿಟ್ಟ ಒಂದು ಬುಟ್ಟಿಯ ಹತ್ತಿರ ಹೋಗಿ, ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡರು.

‘ಬಾಯಾರ, ಬಿಳಿ ಸೀರಿ ಹೊಲಸ ಆಗತೈತ್ರೀ’ ಎಂದು ಗೌರವ್ವನ ಹಿರಿಯ ಮಗ ಕೂಗಿದ. ಗೌರವ್ವ ಅವನಿಗೆ ಸುಮ್ಮನಿರು ಎಂದು ಕೈ ಮಾಡಿದಳು.

‘ಸರ್, ಒಂದ ಈಟು ಹೊರಸ್ರಿ’ ಎಂದರು ರೂತಬಾಯಿ.

ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಬರುವುದಿಲ್ಲ, ಇನ್ನೊಬ್ಬರು ಎತ್ತಿ ಹೊರಿಸಬೇಕು. ಕರವಸ್ತ್ರ ಕಿಸೆಗೆ ಹಾಕಿ ಹೋದೆ. ಎತ್ತಿದೆ. ಅರ್ಧಕ್ಕೆ ಬುಟ್ಟಿ ವಾಲಿ ಒಂದಿಷ್ಟು ಬಿಸಿ ಗೊಬ್ಬರ ಪ್ಯಾಂಟಿನ ಮೇಲೆ ಸುರಿಯಿತು. ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರು ನಿಧಾನವಾಗಿ ನಾಲ್ಕು ಹೆಜ್ಜೆ ನಡೆದು ಬುಟ್ಟಿಯನ್ನು ಚಕ್ಕಡಿಗೆ ಸುರಿದರು. ಕೆಳಗೆ ಬಿದ್ದ ಒಂದು ಹಿಡಿಯನ್ನೂ ಎತ್ತಿ ಮೇಲೆ ಹಾಕಿದರು.

‘ದಾನಿ, ಹೊಲಕ್ಕ ನಡಿಯಪಾ’ ಎಂದರು.

ಗೌರವ್ವನ ಮಗ ಎತ್ತುಗಳನ್ನು ಹೊಡೆದ. ಚಕ್ಕಡಿ ಓಣಿ ದಾಟಿ ಎರೆಹೊಲದ ದಾರಿ ಹಿಡಿಯುವವರೆಗೆ ರೂತಬಾಯಿ ನೋಡುತ್ತ ನಿಂತಿದ್ದರು. ನಾನೂ ನಿಂತೇ ಇದ್ದೆ, ನನ್ನ ಬಸ್ಸು ಹೋಯಿತು.